ಎರಡು ಸಲ ಹಾರಿದ ಕುದುರೆ

ಗುರುವಾರ, ಜುಲೈ ೧೧

ಎಷ್ಟು ಸಲ ಮುಖ ತೊಳೆದರೂ ಕಿವಿ ಇನ್ನೂ ಬಿಸಿ. ನಾಚಿಕೆಗೂ ಜ್ವರ ಬರುತ್ತದೇನೋ.

ಮೇಲಿನ ಮನೆಯ ತಾತನಿಗೆ ಮರೆವಿನ ಕಾಯಿಲೆ. ಮಗಳ ಹೆಸರೇ ಒಮ್ಮೊಮ್ಮೆ ಸಿಗುವುದಿಲ್ಲ, ಚೆಸ್ ಮಾತ್ರ ಮರೆತಿಲ್ಲ. ಕಾಲೇಜು ಮುಗಿದ ಮೇಲೆ ನಾನೇ ಹೋಗಿ ಕೂರುತ್ತೇನೆ. ಅವರ ಜೊತೆ ಬರುವಷ್ಟು ನಗು ನನಗೆ ಕ್ಲಾಸಿನವರ ಜೊತೆ ಬರುವುದಿಲ್ಲ. ಆದರೆ ಸೋತರೆ ಮೈಯೆಲ್ಲ ಉರಿ. ಅದಕ್ಕೇ ಅವರು ಕಿಟಕಿಯಾಚೆ ನೋಡುವಾಗ ಒಂದು ಸಲದ ಬದಲು ಎರಡು ಸಲ ಕಾಯಿ ನಡೆಸಿಬಿಡುತ್ತಿದ್ದೆ. ಅವರಿಗೆಲ್ಲಿ ನೆನಪಿರುತ್ತದೆ ಎಂದುಕೊಂಡಿದ್ದೆ.

ಇವತ್ತೂ ಕುದುರೆಯನ್ನು ಎರಡು ಸಲ ಹಾರಿಸಿದೆ. ಟೀ ತಂದ ಅವರ ಮಗಳು ನೋಡಿಬಿಟ್ಟರು.

"ಏನೇ ಇದು, ಈಗ ತಾನೇ ನಡೆಸಿದ್ಯಲ್ಲ!"

ನಾನು ಕುದುರೆಯ ಮೇಲಿಂದ ಕೈ ತೆಗೆದೆ.

ತಾತ ಮಗಳನ್ನು ಹತ್ತಿರ ಕರೆದು ಪಿಸುಗುಟ್ಟಿದರು. ಅವರ ಪಿಸುಮಾತು ಇಡೀ ಬೀದಿಗೆ ಕೇಳುತ್ತದೆ. "ಬೈಬೇಡಮ್ಮ. ಇಷ್ಟು ಚಿಕ್ಕ ವಯಸ್ಸಿಗೇ ಈ ಮಗೂಗೆ ಮರೆವು. ಆಡಿದ್ದು ಆಗ್ಲೇ ಮರ್ತು ಮತ್ತೆ ಆಡುತ್ತೆ, ಪಾಪ. ಎದುರಿಗೆ ಹೇಳಿದ್ರೆ ನೊಂದ್ಕೊಳ್ಳುತ್ತೆ ಅಂತ ನಾನು ಸುಮ್ನಿದೀನಿ."

ಆಮೇಲೆ ನನ್ನ ಕೈ ಸವರಿ, "ಹೆದರ್ಬೇಡ ಪುಟ್ಟಿ, ಯಾರ ಸರದಿ ಅಂತ ನಾನು ನೆನಪಿಟ್ಕೋತೀನಿ" ಎಂದರು.

ಅದು ಕಳ್ಳಾಟ ಅಂತ ಆಗಲೇ ಹೇಳಬೇಕಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಹೌದು, ನನಗೆ ಮರೆವು ಎನ್ನುವ ಹಾಗೆ!

ನಾಳೆ ಯಾವ ಮುಖ ಹೊತ್ತು ಹೋಗಲಿ? ಹೋಗದಿದ್ದರೆ, ಪಾಪ, ಹುಡುಗಿಗೆ ದಾರಿಯೂ ಮರೆತುಹೋಯಿತು ಎಂದು ತಾತ ಆ ನೋಯುವ ಕಾಲು ಎಳೆದುಕೊಂಡು ಮೆಟ್ಟಿಲಿಳಿದು, ನನ್ನನ್ನು ಹುಡುಕಿಕೊಂಡು...