ತಟ್ಟೆ ಎತ್ತುವ ಮೊದಲು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಈಗ ಓದಿ ಹೇಳೋಣವೆಂದರೆ ನೀನೇ ಇಲ್ಲ. ಆದರೂ ಇದನ್ನು ನಿನಗಲ್ಲದೆ ಇನ್ಯಾರಿಗೂ ಹೇಳಲಾರೆ.

ದಾವಣಗೆರೆಯ ಸರ್ಕಾರಿ ಶಾಲೆಯಲ್ಲಿ ಅದೇ ಆಯಾ ಕೆಲಸ. ಹರಿಹರದಿಂದ ಅದೇ ಎಂಟರ ಬಸ್ಸು, ನಿಂತೇ ಹೋಗುವುದು. ಸೊಂಟ ಬಿದ್ದುಹೋಗಿದೆ. ಈ ವರ್ಷ ನನ್ನ ಪಾಲಿಗೆ ಬಂದವಳು ರಶ್ಮಿತಾ. ಎಂಟು ವರ್ಷ, ಕೈಕಾಲು ಸ್ವಾಧೀನವಿಲ್ಲ, ಮಾತೂ ಇಲ್ಲ. ಅವಳನ್ನು ಎತ್ತಿ ಕೂರಿಸುವುದು, ಬಟ್ಟೆ ಬದಲಿಸುವುದು, ಬಿಸಿಯೂಟ ಉಣಿಸುವುದು ಎಲ್ಲಾ ನಾನೇ.

ಇವತ್ತು ನಾಲ್ಕು ತುತ್ತಿಗೇ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ದಿನವೂ ಹೀಗೆಯೇ. ನನಗೂ ಸಾಕಾಗಿತ್ತು, ತಟ್ಟೆ ಎತ್ತಿದೆ. ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ಸುಷ್ಮಾ ಮೇಡಂ ಪಕ್ಕದಲ್ಲೇ ಇದ್ದರು.

"ತಟ್ಟೆ ಎತ್ತಬ್ಯಾಡ್ರಿ ಅಕ್ಕ. ಅನ್ನ ಇನ್ನೂ ದವಡ್ಯಾಗೆ ಐತೆ. ನುಂಗಾಕೆ ಹೊತ್ತು ಬೇಕು ಇಂಥೋರಿಗೆ."

"ಹೊಟ್ಟೆ ತುಂಬಿರಬೇಕ್ರಿ," ಎಂದೆ.

"ಇಲ್ಲ. ಸುಮ್ನೆ ಕೂಡ್ರಿ, ನೋಡ್ರಿ."

ಕೂತೆ. ಬೆಲ್ ಹೊಡೆಯಿತು, ಮಕ್ಕಳೆಲ್ಲ ಒಳಗೆ ಹೋದರು. ರಶ್ಮಿತಾಳ ಗಂಟಲು ಒಮ್ಮೆ ಮೆಲ್ಲಗೆ ಆಡಿತು. ಆಮೇಲೆ ತಾನೇ ಬಾಯಿ ತೆರೆದಳು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ಮುಕ್ಕಾಲು ಗಂಟೆ ಹಿಡಿಯಿತು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ.

ಲಕ್ವಾ ಹೊಡೆದ ಮೇಲೆ ನೀನೂ ನಾಲ್ಕು ತುತ್ತಿಗೆ ಬಾಯಿ ಮುಚ್ಚುತ್ತಿದ್ದೆ. ಆ ಹನ್ನೊಂದು ತಿಂಗಳೂ ಬೆಳಿಗ್ಗೆ ಅಷ್ಟಕ್ಕೇ ನಿನ್ನ ತಟ್ಟೆ ಎತ್ತಿ ತೊಳೆದಿಟ್ಟೇ ನಾನು ಕೆಲಸಕ್ಕೆ ಹೊರಡುತ್ತಿದ್ದೆ.

ಒಂದು ದಿನವೂ ಎಂಟರ ಬಸ್ಸು ತಪ್ಪಲಿಲ್ಲ.