ಹತ್ತು ಎಣಿಸುವವರೆಗೆ

ಮನೆಯ ಊಟದ ಮೇಜಿನಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಹಾಸ್ಟೆಲಿನ ಊಟ ಬಾಯಿಗೆ ಹಿಡಿಸದಿದ್ದರೂ ಹೊಟ್ಟೆ ತುಂಬ ತಿನ್ನು. ನಾವು ಚೆನ್ನಾಗಿದ್ದೇವೆ. ನಾನು ಓದಲು ಕೂತರೆ ನಿಮ್ಮಪ್ಪ ಬೆಕ್ಕಿನ ಹೆಜ್ಜೆ ಇಟ್ಟು ಓಡಾಡುತ್ತಾರೆ, ಆಮೇಲೆ ಕುಕ್ಕರಿನ ಮುಚ್ಚಳ ಬೀಳಿಸುತ್ತಾರೆ.

ನಲವತ್ತೇಳನೇ ವಯಸ್ಸಿನಲ್ಲಿ ನಾನು ಮನಃಶಾಸ್ತ್ರದ ಪದವಿಗೆ ಸೇರಿದಾಗ ಬೆನ್ನು ತಟ್ಟಿದವಳು ನೀನೇ. ಆದರೆ ಬರೀ ಪುಸ್ತಕದ ಬದನೆಕಾಯಿ ಸಾಲದಂತೆ, ಎರಡನೇ ವರ್ಷದಲ್ಲಿ ನೂರು ಗಂಟೆ ಹೊರಗೆ ಕೆಲಸ ಮಾಡಿ ಕಲಿಯಬೇಕಂತೆ. ನನಗೆ ಸಿಕ್ಕಿದ್ದು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಹಗಲು ಹೊತ್ತು ಬಂದು ಕಲಿಯುವ ಒಂದು ಕೇಂದ್ರ. ಅಲ್ಲಿ ಕೆಲಸ ಹೇಳಿಕೊಡುವ ಮೇಡಂ ನಿನಗಿಂತ ನಾಲ್ಕೇ ವರ್ಷಕ್ಕೆ ದೊಡ್ಡವರು. ಮೊದಲ ದಿನ ಬಾಯಿ ತಪ್ಪಿ "ಆಂಟಿ" ಅಂದು ನಾಲಿಗೆ ಕಚ್ಚಿಕೊಂಡರು. ನಾನೂ ಬಾಯಿ ತಪ್ಪಿ "ತಿಂಡಿ ಆಯ್ತೇನಮ್ಮಾ" ಅಂದುಬಿಟ್ಟೆ!

ನನ್ನ ಪಾಲಿಗೆ ಬಂದವರು ಒಬ್ಬ ನಿವೃತ್ತ ಬಸ್ ಡ್ರೈವರ್. ಅವರಿಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಡಂ ಹೇಳಿದ್ದು ಇಷ್ಟೇ: "ಅವರು ತಡವರಿಸಿದ್ರೆ ಮನಸ್ಸಲ್ಲೇ ಹತ್ತು ಎಣಿಸಿ. ಮಾತು ಅವರದು, ಅವರೇ ಮುಗಿಸ್ಲಿ." ನಿಮ್ಮಮ್ಮನಿಗೆ ಎಂಥ ಶಿಕ್ಷೆ ನೋಡು! ಎರಡನೇ ದಿನ ಅವರು "ಕಿ... ಕಿ..." ಅಂದರು. ಮೂರು ಎಣಿಸುವಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. "ಕಿವಿ ನೋವಾ? ಕಿಟಕಿ ಮುಚ್ಲಾ?" ಎಂದು ಎದ್ದು ಮುಚ್ಚಿಯೇ ಬಿಟ್ಟೆ. ಅವರು ಮೇಜು ಗುದ್ದಿ ಮುಖ ತಿರುಗಿಸಿಕೊಂಡರು. ಕಣ್ಣಲ್ಲಿ ನೀರು. ಮರುದಿನ ನನ್ನನ್ನು ಕಂಡೊಡನೆ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸುವಂತೆ ಆಯಾಗೆ ಸನ್ನೆ ಮಾಡಿದರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ಅವರಿಗೆ ಉಳಿದಿರೋದೇ ನಾಲ್ಕು ಮಾತು. ಅದನ್ನೂ ನೀವು ಕಿತ್ಕೊಂಡ್ರೆ ಹೇಗೆ? ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಕೂರಿಸ್ತೀನಿ" ಅಂದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ ಕಣೇ. ಈ ಓದೂ ಬೇಡ, ಕೆಲಸವೂ ಬೇಡ ಅನ್ನಿಸಿತ್ತು.

ಆದರೂ ಹೋದೆ. ಮೂರು ವಾರ ತುಟಿ ಹೊಲಿದುಕೊಂಡು ಅವರ ಪಕ್ಕ ಕೂತೆ. ಕೇಂದ್ರದ ಟವೆಲುಗಳನ್ನು ಇಬ್ಬರೂ ಮಡಚುತ್ತಿದ್ದೆವು. ಅವರದು ಒಂದೇ ಕೈ, ಆದರೂ ನನಗಿಂತ ಅಚ್ಚುಕಟ್ಟು. ಹೋದ ಸೋಮವಾರ ಮತ್ತೆ "ಕಿ..." ಅಂದರು. ಹತ್ತು ಎಣಿಸಿದೆ. ಇಪ್ಪತ್ತೂ ಆಯಿತು. ನನ್ನ ಕೈಯ ಟವೆಲು ಹಿಂಡಿದಂತಾಗಿತ್ತು. ಕೊನೆಗೆ ಬಂತು: "ಕಿರಿ...ಯವಳು. ಬರ್ಲಿಲ್ಲ." ಅವರ ಕಿರಿಮಗಳು ಎರಡು ತಿಂಗಳಿಂದ ಅವರನ್ನು ನೋಡಲು ಬಂದಿರಲಿಲ್ಲವಂತೆ. ಮೇಡಂ ಅವಳಿಗೆ ಫೋನ್ ಮಾಡಿದರು. ಅಪ್ಪ ಮಾತಿಗೆ ಒದ್ದಾಡುವುದನ್ನು ನೋಡಲಾರದೆ ದೂರ ಉಳಿದಿದ್ದಳಂತೆ. ಗುರುವಾರ ಬಂದಳು. ಅಪ್ಪ ತೊದಲಿದ ಕೂಡಲೇ ಅವಳೂ ನನ್ನ ಹಾಗೆಯೇ ಬಾಯಿ ಹಾಕಿದಳು. ಅವರು ಅಡ್ಡ ಬಂದ ಗಾಡಿಯನ್ನು ತಡೆಯುವವರಂತೆ ಕೈಯೆತ್ತಿದರು. ಆಮೇಲೆ ನಿಧಾನವಾಗಿ, ಅವಳ ಹೆಸರನ್ನು ಪೂರ್ತಿ ತಾವೇ ಹೇಳಿದರು. ನಾನು ಟವೆಲಿನ ರಾಶಿ ಎತ್ತಿಕೊಂಡು ಹೊರಗೆ ಬಂದೆ. ಇನ್ನು ನಲವತ್ತು ಗಂಟೆ ಉಳಿದಿದೆ, ಸಾಲದು ಅನ್ನಿಸುತ್ತಿದೆ.

ನಿಮ್ಮಪ್ಪ ನಿನಗೆ ಸ್ವೆಟರ್ ಕಳಿಸುತ್ತಿದ್ದಾರೆ, ಬಣ್ಣ ನೋಡಿ ನಗಬೇಡ. ತಣ್ಣಗಿರು ಕಂದಾ.

ನಿನ್ನ ವಿದ್ಯಾರ್ಥಿನಿ ಅಮ್ಮ

ಬರೆಯದೆ ಬಿಟ್ಟದ್ದು: ಹೋದ ತಿಂಗಳು ಫೋನಿನಲ್ಲಿ ನೀನು "ಅಮ್ಮಾ, ನನಗೆ ಈ ಕೋರ್ಸು..." ಎಂದು ತಡೆದೆ. ನಾನು "ಕಷ್ಟ ಅಲ್ವಾ, ಸರಿಹೋಗುತ್ತೆ ಬಿಡು" ಎಂದು ಮುಗಿಸಿಬಿಟ್ಟೆ. ನೀನು "ಹೂಂ" ಅಂದೆ. ನೀನು ಹೇಳಹೊರಟಿದ್ದು ಅದಲ್ಲವೆಂದು ನನಗೆ ಆಗಲೇ ಗೊತ್ತಿತ್ತು ಗುಬ್ಬಿ, ಕೇಳಲು ಹೆದರಿದೆ. ಈ ಕಾಗದ ಸಿಕ್ಕ ದಿನವೇ ಫೋನ್ ಮಾಡು. ಏನಿದ್ದರೂ ಸರಿ, ಪೂರ್ತಿ ಹೇಳು.