ತುಳಜಾ ಒಬ್ಬಳೇ ಅನ್ನ ಬಸಿಯಬಾರದು

ಮುಂಡಗೋಡ
೧೮ ಜುಲೈ ೨೦೦೫, ಸೋಮವಾರ

ತುಳಜಾಳ ತಂದೆಯವರಿಗೆ,

ಸುಮನ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮ ಮನೆಯ ಕ್ಷೇಮ ಹೇಗಿದೆ ಎಂದು ಕೇಳುವುದಿಲ್ಲ, ಮೊನ್ನೆ ಗುರುವಾರ ನೋಡಿಕೊಂಡು ಬಂದಿದ್ದೇನೆ. ಮೂರು ವರ್ಷದಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಹರಿದು ಹಾಕುವುದಿದ್ದರೂ ಓದಿ ಹರಿಯಿರಿ.

ನಿಮ್ಮ ಪಕ್ಕದ ಮನೆಯ ಗೋದುಬಾಯಿ ಹೋದ ವಾರ ತಂಗಿಯ ಮನೆಗೆಂದು ಈ ಊರಿಗೆ ಬಂದಿದ್ದರು. ಅತ್ತೆಯವರಿಗೆ ಕಣ್ಣು ಮಂಜಾಗಿದೆ, ನೀವು ಬೆಳಿಗ್ಗೆ ಆರಕ್ಕೇ ದಾಂಡೇಲಿಯ ಕೆಲಸಕ್ಕೆ ಹೊರಡುತ್ತೀರಿ, ಶಾಲೆಗೆ ಹೋಗುವ ಮೊದಲು ತುಳಜಾಳೇ ಅನ್ನಕ್ಕಿಡುತ್ತಾಳೆ ಎಂದು ಹೇಳಿದರು. “ಏಳ ವರ್ಷದ ಹುಡುಗಿ, ಭಾಳ ಶಾಣ್ಯಾ ಆಗ್ಯಾಳ ನೋಡವಾ” ಎಂದು ಹೊಗಳುತ್ತಲೇ ಹೇಳಿದರು.

ಗುರುವಾರ ರಜೆ ಕೇಳಿ ಹಳಿಯಾಳದ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಗೇಟಿನ ಹತ್ತಿರ ಅವಳು ಸಿಕ್ಕಳು. ಎಡಗೈಯ ಹಳೆಯ ಸುಟ್ಟಗಾಯ ನಮಗಿಬ್ಬರಿಗೂ ಗೊತ್ತಿರುವುದೇ. ಎರಡು ಬೆರಳು ಇನ್ನೂ ಮಡಚಿಕೊಂಡೇ ಇವೆ. ನಾನು ಹೇಳಬೇಕಾದದ್ದು ಬಲಗೈಯದು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಲಿದಿತ್ತು. ತಾನೇ ಅದಕ್ಕೆ ಟೂತ್‌ಪೇಸ್ಟ್ ಬಳಿದುಕೊಂಡಿದ್ದಳು. ಏನಾಯಿತೆಂದು ಕೇಳಿದೆ. “ಅನ್ನ ಬಸಿಯೂ ಮುಂದ ಗಂಜಿ ಬಿತ್ತವಾ. ಈ ಕೈಲೆ ಬೋಗಾಣಿ ಹಿಡಿಯಾಕ ಬರೂದಿಲ್ಲ” ಎಂದು ಎಡಗೈ ತೋರಿಸಿದಳು. ಅಳಲಿಲ್ಲ. ಅಜ್ಜಿ ಬೈಯುತ್ತಾಳೆಂದು ಎರಡು ದಿನದಿಂದ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಾಳಂತೆ. ನೀವೂ ನೋಡಿಲ್ಲವೆಂದು ಕಾಣುತ್ತದೆ.

ಅವಳು ಅಡುಗೆಮನೆಗೆ ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೊದಲು ಕರೆದುಕೊಂಡು ಹೋಗಿ ಕೂರಿಸಿಕೊಂಡವಳು ನಾನೇ. ಮೂರು ವರ್ಷದವಳಿದ್ದಾಗ ಅಂಗೈಯಷ್ಟು ರೊಟ್ಟಿ ತಟ್ಟಿ, ಬೆರಳಿನಿಂದ ಕಣ್ಣು ಬಾಯಿ ಚುಚ್ಚಿ, ಇದು ಅಪ್ಪಾ ಎನ್ನುತ್ತಿದ್ದಳು. ನೀವು ಅದಕ್ಕೆ ಬೆಲ್ಲ ಹಚ್ಚಿಕೊಂಡು ತಿನ್ನುತ್ತಾ “ನನ್ನ ನಾನ ತಿಂದ್ನೆಲ್ಲೋ” ಎಂದರೆ ಅವಳು ಹಿಟ್ಟಿನ ಕೈಯಲ್ಲೇ ನೆಲಕ್ಕುರುಳಿ ನಗುತ್ತಿದ್ದಳು. ಆ ಸುಖ ಅವಳಿಗೆ ತಪ್ಪಬಾರದು.

ಈಗ ನಾನು ಇಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಭಾನುವಾರ ನನ್ನ ಅಣ್ಣ ಕುಬೇರಣ್ಣನ ಇಬ್ಬರು ಮಕ್ಕಳು ನನ್ನ ಜೊತೆ ಅಡುಗೆಗೆ ಕೂರುತ್ತಾರೆ. ಒಲೆಯಿಂದ ಎರಡು ಮಾರು ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಗೆರೆಯ ಆಚೆ ಅವರದೇ ರಾಜ್ಯ. ಅವರೆಕಾಯಿ ಸುಲಿಯುತ್ತಾರೆ, ಕೊತ್ತಂಬರಿ ಬಿಡಿಸುತ್ತಾರೆ, ಆರಿದ ಅನ್ನಕ್ಕೆ ಲಿಂಬೆಹಣ್ಣು ಹಿಂಡಿ ಮೂಗಿನವರೆಗೆ ಹುಳಿ ಮಾಡಿಕೊಳ್ಳುತ್ತಾರೆ. ಗೆರೆಯ ಈಚೆ ನಾನೊಬ್ಬಳೇ. ಬಾಣಲೆಯ ಹಿಡಿ ಗೋಡೆಯ ಕಡೆಗೇ ಇರಬೇಕು. ಒಲೆ ಉರಿಯುವಾಗ ದೊಡ್ಡವರು ಎದ್ದು ಹೋಗಬಾರದು. ಹೋಗಲೇಬೇಕಾದರೆ ಒಲೆ ಆರಿಸಿ ಹೋಗಬೇಕು. ಬಿಸಿ ತಗುಲಿದರೆ ತಣ್ಣೀರು ಸುರಿಯುತ್ತಲೇ ಇರಬೇಕು, ಪೇಸ್ಟು ಗೀಸ್ಟು ಹಚ್ಚಬಾರದು. ಇಷ್ಟೇ. ಕಲಿಯಲು ಕಷ್ಟದ್ದೇನಲ್ಲ. ನಾನು ಕಲಿತದ್ದು ತಡವಾಗಿ.

ಅವಳ ಎಡಗೈ ಸುಟ್ಟ ದಿನದ ಮಾತು ಬರೆಯದೆ ಇರಲಾರೆ. ಬೀದಿಯ ನಲ್ಲಿಗೆ ನೀರು ಬಂತೆಂದು ಕೂಗಿದರು. ಬತ್ತಿ ಸ್ಟೋ ಉರಿಯುತ್ತಿತ್ತು. ನಾಲ್ಕು ವರ್ಷದ ಮಗುವಿಗೆ ಅಲ್ಲಾಡಬೇಡ ಎಂದು ಹೇಳಿ ನಾನು ಕೊಡ ತೆಗೆದುಕೊಂಡು ಹೋದೆ. ಅದು ನನ್ನ ತಪ್ಪು. ಯಾರ ಮುಂದೆ ಬೇಕಾದರೂ ಒಪ್ಪುತ್ತೇನೆ. ಅಷ್ಟರಲ್ಲಿ ನೀವು ಬಂದಿರಿ. ಚಹಾಕ್ಕೆ ಉರಿ ಸಾಲದೆಂದು, ಉರಿಯುತ್ತಿದ್ದ ಸ್ಟೋಗೆ ಡಬ್ಬಿಯಿಂದ ಸೀಮೆಎಣ್ಣೆ ಸುರಿದಿರಿ. ನನಗೆ ನಲ್ಲಿಯ ಹತ್ತಿರ ಕೇಳಿಸಿದ್ದು ಅವಳ ಚೀರಾಟ.

ಆಸ್ಪತ್ರೆಗೆ ಪೊಲೀಸರು ಬರೆದುಕೊಳ್ಳಲು ಬಂದಾಗ ಅತ್ತೆ ಪ್ರೇಮಾಬಾಯಿಯವರು ನನ್ನ ಕಾಲು ಹಿಡಿದರು. “ಮನಿ ಗಂಡಸು ಜೇಲಿಗೆ ಹೋದ್ರ ನಾವೇನ ಮಾಡೂಣು? ಎಣ್ಣಿ ನೀನ ಹಾಕೀದಿ ಅಂತ ಹೇಳವಾ” ಎಂದರು. ಹೇಳಿದೆ, ಸಹಿಯನ್ನೂ ಹಾಕಿದೆ. ನೀವು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಿರಿ. ಅದಕ್ಕೂ ನನಗೆ ಅಷ್ಟು ದುಃಖವಾಗಲಿಲ್ಲ. ತಿಂಗಳ ನಂತರ ನಿಮ್ಮದೇ ಅಂಗಳದಲ್ಲಿ ಹಿರಿಯರು ಕೂತು, ಮಗು ಸುಟ್ಟವಳು ಈ ಮನೆಯಲ್ಲಿ ಇರಬಾರದು ಎಂದಾಗ ನೀವು ನೆಲ ನೋಡಿದಿರಲ್ಲ, ಆಗ ಆಯಿತು. ಅಣ್ಣ ನನ್ನ ಟ್ರಂಕು ಹೊತ್ತುಕೊಂಡು ಮುಂದೆ ನಡೆದ. ನಿಮ್ಮ ತಾಯಿ ಮಗುವನ್ನು ಒಳಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿದರು.

ನಾನು ಆ ಮನೆಗೆ ತಿರುಗಿ ಬರುತ್ತೇನೆಂದು ಕೇಳುತ್ತಿಲ್ಲ. ಈ ಭಾನುವಾರ ತುಳಜಾಳನ್ನು ಇಲ್ಲಿ ತಂದು ಬಿಡಿ. ಬಲಗೈಗೆ ಔಷಧ ಆಗಬೇಕು. ಎಡಗೈಯನ್ನು ಹುಬ್ಬಳ್ಳಿಯಲ್ಲಿ ತೋರಿಸುತ್ತೇನೆ, ಮಡಚಿದ ಬೆರಳು ಬಿಡಿಸಬಹುದೆಂದು ನಮ್ಮ ಶಾಲೆಗೆ ಬರುವ ಡಾಕ್ಟರು ಹೇಳಿದ್ದಾರೆ. ನೀವು ಯಾವಾಗ ಬೇಕಾದರೂ ಬಂದು ನೋಡಿ, ಬಾಗಿಲು ಹಾಕುವುದಿಲ್ಲ. ಭಾನುವಾರ ನೀವು ಬರದಿದ್ದರೆ ಸೋಮವಾರ ಅಣ್ಣನ ಜೊತೆ ನಾನೇ ಬರುತ್ತೇನೆ. ಬರುವ ದಾರಿಯಲ್ಲಿ ಠಾಣೆಗೆ ಹೋಗಿ, ಅಂದು ಬರೆಸಿದ್ದು ಸುಳ್ಳು ಎಂದು ಬರೆಸಿಯೇ ಬರುತ್ತೇನೆ. ಅಲ್ಲಿಯವರೆಗೆ ಅವಳ ಕೈಗೆ ಬಿಸಿ ಬೋಗಾಣಿ ಕೊಡಬೇಡಿರಿ. ಗೋದುಬಾಯಿ ಎರಡು ಮನೆಗೂ ಸೇರಿಸಿ ಅನ್ನಕ್ಕಿಡಲು ಒಪ್ಪಿದ್ದಾರೆ.

ಇಂತಿ,
ತುಳಜಾಳ ತಾಯಿ
ಸುಮನ

ತಾ.ಕ.: ಒಂದು ಮಾತು ಬರೆಯಬಾರದೆಂದಿದ್ದೆ. ಆಸ್ಪತ್ರೆಯಲ್ಲಿ ನಾನೊಬ್ಬಳೇ ಸುಳ್ಳು ಹೇಳಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಮಗುವಿನ ಕಿವಿಯಲ್ಲೂ, ಯಾರು ಕೇಳಿದರೂ ಎಣ್ಣೆ ಹಾಕಿದ್ದು ಅವ್ವ ಅನ್ನು ಎಂದು ಹೇಳಿಕೊಟ್ಟಿದ್ದೆ. ಮರೆತಿರುತ್ತಾಳೆ ಎಂದುಕೊಂಡಿದ್ದೆ. ಗುರುವಾರ ಗಂಟೆ ಹೊಡೆದ ಮೇಲೆ ಅವಳು ನನ್ನ ಸೆರಗು ಹಿಡಿದು ಕೇಳಿದಳು, “ಅವ್ವಾ, ಅಪ್ಪಾ ಎಣ್ಣಿ ಹಾಕಿದ್ದು ಇನ್ನೂ ಯಾರಿಗೂ ಹೇಳಬಾರದೇನ?” ಹೇಳಬಹುದು ಎಂದೆ. “ಹೇಳಿದ್ರ ಅಪ್ಪಗ ಸಿಟ್ಟ ಬರೂದಿಲ್ಲಲಾ?” ಎಂದಳು. ಅದಕ್ಕೆ ಉತ್ತರ ನೀವೇ ಕೊಡಬೇಕು.